ಎರೆ ಮಣ್ಣಿನಲ್ಲಿ ಅರವತ್ತು ಗುಂಡಿ

ಸತ್ತ ಬೇವಿನ ಸಸಿಯನ್ನು ಕಿತ್ತಾಗ ಬೇರಿನಿಂದ ಬಂದ ನಾತ ನನಗೆ ಇನ್ನೂ ನೆನಪಿದೆ. ಗೋಡೆಯ ಬಿರುಕಿನಲ್ಲಿ ಬಿದ್ದರೂ ಬದುಕಿಕೊಳ್ಳುವ ಮರ ಬೇವು. ಅದನ್ನು ಕೊಲ್ಲಲು ಹದಿನೆಂಟು ವರ್ಷ ಆವರಣಗಳಿಗೆ ಗಿಡ ನೆಡಿಸಿದ ಅನುಭವವಿದ್ದ ನಾನೇ ಬೇಕಾಯಿತು.

ಕಲಬುರಗಿ ಊರಾಚೆಯ ಒಂದು ಕಚೇರಿ ಆವರಣಕ್ಕೆ ನೆರಳು ಮಾಡಿಕೊಡುವ ಕೆಲಸ ಅದು. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಹುಲ್ಲುಹಾಸಿಗಿಂತ ಮರವೇ ಮುಖ್ಯ. ಅಷ್ಟು ಮಟ್ಟಿಗೆ ನನ್ನ ಲೆಕ್ಕ ಸರಿಯಿತ್ತು. ಆದರೆ ಗುಂಡಿಯ ನಕ್ಷೆಯನ್ನು ಬೀದರಿನ ಹಳೆಯ ಕೆಲಸದಿಂದ ಹಾಗೆಯೇ ಎತ್ತಿ ತಂದಿದ್ದೆ: ಮೂರು ಅಡಿ ಆಳ, ತೋಡಿದ ಮಣ್ಣು ಹೊರಗೆ, ಕೆಮ್ಮಣ್ಣು ಮತ್ತು ಗೊಬ್ಬರ ಒಳಗೆ. ಬೀದರಿನ ನೆಲ ಜಂಬಿಟ್ಟಿಗೆ, ನೀರನ್ನು ಕೆಳಗಿಳಿಸುತ್ತದೆ. ಬಹಮನಿ ಕಾಲದವರು ಅಲ್ಲಿಯ ನೌಬಾದಿನಲ್ಲಿ ನೆಲದಡಿ ನೀರು ಹರಿಸುವ ಸುರಂಗ ಬಾವಿ ಕೊರೆದದ್ದು ಅದೇ ಕಲ್ಲಿನಲ್ಲಿ. ಕಲಬುರಗಿಯದು ಎರೆ, ಅಂದರೆ ಕಪ್ಪು ಜೇಡಿ ನೆಲ. ನೆನೆದರೆ ಉಬ್ಬಿ ತನ್ನ ಬಾಯಿ ತಾನೇ ಮುಚ್ಚಿಕೊಳ್ಳುವ ಮಣ್ಣು.

ಸೆಪ್ಟೆಂಬರ್ ಮಳೆ ಜೋರಾಗಿಯೇ ಸುರಿಯಿತು. ಅಕ್ಟೋಬರಿನಲ್ಲಿ ಎಲೆ ಹಳದಿಯಾಗಿ ಜೋತುಬಿದ್ದವು. ಬಾಯಾರಿಕೆ ಎಂದುಕೊಂಡು ಟ್ಯಾಂಕರ್ ತರಿಸಿದೆ! ವಾರಕ್ಕೆರಡು ಸಲ ನೀರು ಹಾಕಿಸಿ, ಅರವತ್ತು ಸಸಿಗಳಲ್ಲಿ ಇಪ್ಪತ್ತೆರಡನ್ನು ಕಳೆದುಕೊಂಡೆ.

ಕೊನೆಗೆ ಹಾರೆ ಹಿಡಿದವರು ಅಲ್ಲಿಯ ಮಾಲಿ ಕಾಕಾ. ಗುಂಡಿಯ ಒಳಗೆ ಒಂದೂವರೆ ಅಡಿಗೆ ನೀರು ಜಿನುಗಿತು. ಎರಡು ಮಾರು ಆಚೆ ಅಗೆದರೆ ಬರೀ ತೇವ.

"ಸಾಹೇಬರೇ, ನೀವು ಸಸಿಯನ್ನು ನೆಲದಲ್ಲಿ ನೆಟ್ಟಿಲ್ಲ, ಹಂಡೆಯೊಳಗೆ ಇಟ್ಟಿದ್ದೀರಿ," ಎಂದರು. "ತೊಗರಿ ಹೊಲದಲ್ಲಿ ಎರಡು ದಿನ ನೀರು ನಿಂತರೆ ನಾವು ಕಾಲುವೆ ಕಡಿಯುತ್ತೇವೆ. ನೀವು ನೀರು ನಿಲ್ಲುವುದಕ್ಕೇ ಜಾಗ ಮಾಡಿದ್ದೀರಿ."

ಸಡಿಲವಾದ ಕೆಮ್ಮಣ್ಣು ಸುತ್ತಲಿನ ನೀರನ್ನೆಲ್ಲ ಕುಡಿಯಿತು, ಸುತ್ತಲಿನ ಎರೆ ಅದನ್ನು ಹೊರಗೆ ಬಿಡಲಿಲ್ಲ. ಉಸಿರಾಡಲು ಗಾಳಿಯಿಲ್ಲದೆ ಬೇರು ಕೊಳೆಯಿತು. ಬೇರು ಕೊಳೆತ ಗಿಡ ಥೇಟ್ ಬಾಯಾರಿದ ಗಿಡದಂತೆಯೇ ಕಾಣುತ್ತದೆ. ನನಗೆ ಮೋಸವಾದದ್ದು ಅಲ್ಲಿ.

ಈಗ ಮೊದಲು ಒಂದು ಗುಂಡಿ ತೋಡಿಸಿ ಸಂಜೆ ನೀರು ತುಂಬಿಸುತ್ತೇನೆ, ಬೆಳಿಗ್ಗೆ ನೋಡುತ್ತೇನೆ. ಎರೆಯಲ್ಲಿ ಈ ಪರೀಕ್ಷೆಯನ್ನು ಎರಡು ಸಲ ಮಾಡಬೇಕು. ಬೇಸಿಗೆಯ ಬಿರುಕುಗಳಲ್ಲಿ ಮೊದಲ ನೀರು ಸರ್ರನೆ ಇಳಿದು ಎಲ್ಲ ಸರಿಯಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಮಣ್ಣು ನೆನೆದು ಬಿರುಕು ಮುಚ್ಚಿದ ಮೇಲೆ ಎರಡನೆಯ ಸಲದ ನೀರು ಹೇಳುವುದನ್ನು ನಂಬುತ್ತೇನೆ. ತೋಡಿದ ಎರೆಯನ್ನೇ ಗೊಬ್ಬರ ಬೆರೆಸಿ ಮರಳಿ ತುಂಬಿಸುತ್ತೇನೆ, ಹಾರೆಯಿಂದ ಗುಂಡಿಯ ಪಕ್ಕಗಳನ್ನು ಒರಟು ಮಾಡಿಸುತ್ತೇನೆ, ಸಸಿಯನ್ನು ನೆಲಮಟ್ಟಕ್ಕಿಂತ ಮೇಲೆ, ಅಗಲವಾದ ದಿಬ್ಬದ ಮೇಲೆ ನೆಡಿಸುತ್ತೇನೆ. ತಗ್ಗಿನ ಮೂಲೆಗೆ ಬೇವು ಬೇಡ, ಕರಿಜಾಲಿ ಸಾಕು. ಮುಳ್ಳು ಎಂದು ಗ್ರಾಹಕರು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ.

ಕಾಲುದಾರಿಗೂ ಅದೇ ಮಣ್ಣು ಕಾಟ ಕೊಟ್ಟಿತು. ಕಾಂಕ್ರೀಟಿನ ಮೇಲೆ ಕೂರಿಸಿದ್ದ ಶಹಾಬಾದ್ ಕಲ್ಲು ಒಂದೇ ವರ್ಷಕ್ಕೆ ಸೀಳಿತು. ಈಗ ಮುರುಮಿನ, ಅಂದರೆ ಗರಸು ಮಣ್ಣಿನ, ಮೇಲೆ ಸಂದು ಬಿಟ್ಟು ಹಾಸುತ್ತೇವೆ, ಏರುಪೇರಾದರೆ ಎತ್ತಿ ಕೂರಿಸಿದರಾಯಿತು.

ಇತ್ತೀಚೆಗೆ ನನ್ನ ಅಂದಾಜು ಪಟ್ಟಿ ಕೈಸೇರಿದ ಕೂಡಲೇ ಗುತ್ತಿಗೆದಾರರು ಫೋನ್ ಮಾಡುತ್ತಾರೆ. ಕೆಮ್ಮಣ್ಣಿನ ಲಾರಿಗಳ ಸಾಲನ್ನು ಬರೆಯಲು ಮರೆತಿದ್ದೀರಲ್ಲ ಎಂದು ಬಹಳ ಕಾಳಜಿಯಿಂದ ಕೇಳುತ್ತಾರೆ.