ಮದುವೆ ಫೋಟೊಗಳ ತಪ್ಪು-ಒಪ್ಪು: ನಮ್ಮ ಕೆಲಸವನ್ನು ನಾವೇ ನೋಡಿಕೊಳ್ಳುವ ಬಗೆ

ಮದುವೆ ಫೋಟೊಗ್ರಫಿಯಲ್ಲಿ ನಮ್ಮ ಕೆಲಸವನ್ನು ತಿದ್ದುವ ಮೇಲಧಿಕಾರಿ ಇರುವುದಿಲ್ಲ. ಆಲ್ಬಮ್ ಕೈಗೆ ಬಂದ ಮನೆಯವರು ‘ತುಂಬಾ ಚೆನ್ನಾಗಿದೆ ಸಾರ್’ ಅನ್ನುತ್ತಾರೆ, ಇಲ್ಲವೇ ‘ನಮ್ಮ ಚಿಕ್ಕಪ್ಪಂದು ಒಂದು ಫೋಟೊನೂ ಇಲ್ವಲ್ಲ’ ಅನ್ನುತ್ತಾರೆ. ಎರಡು ಮಾತೂ ಮುಖ್ಯವೇ. ಆದರೆ ಧಾರೆಯ ಹೊತ್ತಿಗೆ ನಿಂತ ಜಾಗ ಸರಿಯಿತ್ತೇ, ಫ್ಲಾಶ್ ಎಷ್ಟು ಬೇಕಿತ್ತು, ಯಾವ ಫ್ರೇಮ್ ಯಾಕೆ ಕೆಟ್ಟಿತು ಎಂಬುದನ್ನು ಅವರು ಹೇಳಲಾರರು. ಅದು ತೆಗೆದವರೇ ಕೂತು ನೋಡಬೇಕಾದ ಲೆಕ್ಕ. ಹೆಚ್ಚಿನವರು ಇಲ್ಲಿ ಎಡವುವುದು ಎರಡು ತುದಿಗಳಲ್ಲಿ. ಸಂಜೆ ಕ್ಯಾಮೆರಾ ಪರದೆಯಲ್ಲಿ ಎಲ್ಲವೂ ಅದ್ಭುತವಾಗಿ ಕಾಣುತ್ತದೆ, ಮರುದಿನ ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದರೆ ಎಲ್ಲವೂ ದಂಡ ಅನಿಸುತ್ತದೆ. ‘ಯಾಕೋ ಚೆನ್ನಾಗಿ ಬಂದಿಲ್ಲ’ ಎಂದು ಕೊರಗಿದರೆ ಮುಂದಿನ ಮದುವೆಗೆ ಏನೂ ದಕ್ಕುವುದಿಲ್ಲ. ‘ಶಟರ್ 1/80 ಇತ್ತು, ವರನ ಕೈ ಅಲುಗಿದೆ, ಮುಂದಿನ ಸಲ 1/200’ ಎಂದು ಬರೆದಿಟ್ಟರೆ ದಕ್ಕುತ್ತದೆ. (ಶಟರ್ 1/80 ಅಂದರೆ ಅದು ಸೆಕೆಂಡಿನ ಎಂಬತ್ತನೇ ಒಂದು ಪಾಲು ಹೊತ್ತು ತೆರೆದಿತ್ತು ಎಂದು.)

ಮೊದಲನೆಯ ವಿಷಯ, ಯಾವಾಗ ನೋಡಬೇಕು ಎಂಬುದು. ಮದುವೆ ಮುಗಿದ ರಾತ್ರಿ ಮಾಡಬೇಕಾದದ್ದು ಕಾರ್ಡುಗಳನ್ನು ಎರಡು ಬೇರೆ ಡಿಸ್ಕುಗಳಿಗೆ ಕಾಪಿ ಮಾಡುವುದು, ಕಾಪಿ ತೆರೆದುಕೊಳ್ಳುತ್ತದೆಯೇ ಎಂದು ನೋಡುವುದು, ಕಾರ್ಡುಗಳನ್ನು ಫಾರ್ಮ್ಯಾಟ್ ಮಾಡದೆ ತೆಗೆದಿಡುವುದು, ಇಷ್ಟೇ. ಸ್ಟೇಟಸ್‌ಗೆ ಹಾಕಿಕೊಳ್ಳಲು ಮನೆಯವರು ಕೇಳುವ ಹತ್ತು-ಹದಿನೈದು ಫೋಟೊ ಕಳಿಸಿಬಿಡಿ. ಸೆಲೆಕ್ಷನ್ ಮಾತ್ರ ಮೂರು ನಾಲ್ಕು ದಿನ ಬಿಟ್ಟು. ಆ ರಾತ್ರಿ ಕಣ್ಣಿಗಿಂತ ನೆನಪು ಜೋರಾಗಿರುತ್ತದೆ. ನೂಕುನುಗ್ಗಲಲ್ಲಿ ಮಂಟಪದ ಮೂಲೆಗೆ ಹತ್ತಿ, ಒಂದು ಕಾಲಲ್ಲಿ ನಿಂತು ತೆಗೆದ ಫ್ರೇಮ್ ಆ ಕಷ್ಟದ ಕಾರಣಕ್ಕೇ ದೊಡ್ಡದಾಗಿ ಕಾಣುತ್ತದೆ. ಫೋಟೊ ನೋಡುವವರಿಗೆ ಆ ಕಷ್ಟ ಕಾಣಿಸುವುದೇ ಇಲ್ಲ. ಅಮೆರಿಕದ ಬೀದಿ ಛಾಯಾಗ್ರಾಹಕ ಗ್ಯಾರಿ ವಿನೋಗ್ರ್ಯಾಂಡ್ ಇದೇ ಕಾರಣಕ್ಕೆ ತೆಗೆದ ಫಿಲ್ಮನ್ನು ವರ್ಷದ ಮೇಲೆ ತೊಳೆಯದೆ ಇಡುತ್ತಿದ್ದರು. ತೆಗೆದ ದಿನದ ಖುಷಿ ಆಯ್ಕೆಯಲ್ಲಿ ಕೈ ಹಾಕಬಾರದೆಂಬುದು ಅವರ ಲೆಕ್ಕ. 1984ರಲ್ಲಿ ಅವರು ತೀರಿಕೊಂಡಾಗ ತೊಳೆಯದೆ ಉಳಿದಿದ್ದ ರೋಲುಗಳೇ ಸುಮಾರು 2,500. ನಮಗೆ ಅಷ್ಟು ಕಾಯಲು ಆಗದು, ಆಲ್ಬಮ್‌ಗೆ ಫೋನ್ ಬರುತ್ತಲೇ ಇರುತ್ತದೆ. ಆದರೂ ನಾಲ್ಕು ದಿನದ ಅಂತರ ನಿಜವಾಗಿ ಕೆಲಸ ಮಾಡುತ್ತದೆ.

ಎರಡನೆಯದು, ಯಾವ ಗಾತ್ರದಲ್ಲಿ ನೋಡಬೇಕು. ಹೆಚ್ಚಿನ ಆತ್ಮನಿಂದೆ ಹುಟ್ಟುವುದೇ ಇಲ್ಲಿ. 24 ಮೆಗಾಪಿಕ್ಸೆಲ್ ಚಿತ್ರದ ಅಗಲ 6000 ಪಿಕ್ಸೆಲ್. ಇಂಚಿಗೆ ಸುಮಾರು 100 ಪಿಕ್ಸೆಲ್ ಇರುವ ಮಾನಿಟರಿನಲ್ಲಿ ಅದನ್ನು 100 ಪರ್ಸೆಂಟ್‌ಗೆ ಹಿಗ್ಗಿಸಿದರೆ 60 ಇಂಚು, ಅಂದರೆ ಐದಡಿ ಅಗಲದ ಪ್ರಿಂಟಿಗೆ ಮೂಗು ತಾಗಿಸಿ ನೋಡಿದ ಹಾಗೆ. ಅದೇ ಚಿತ್ರ 4×6 ಪ್ರಿಂಟಿನಲ್ಲಿ ಇಂಚಿಗೆ 1000 ಪಿಕ್ಸೆಲ್ ಆಗಿ ಕೂರುತ್ತದೆ; ಐಎಸ್ಒ (ಬೆಳಕು ಹಿಡಿಯುವ ಸೂಕ್ಷ್ಮತೆ) 6400ಕ್ಕೆ ಏರಿಸಿದಾಗ ಬರುವ ನಾಯ್ಸ್, ಅಂದರೆ ಮರಳಿನಂಥ ಚುಕ್ಕಿಗಳು, ಅಲ್ಲಿ ಯಾರ ಕಣ್ಣಿಗೂ ಬೀಳದು. 12×36 ಆಲ್ಬಮ್ಮಿನ ಪೂರ್ತಿ ಎರಡು ಪುಟಕ್ಕೆ ಹರಡಿದಾಗ ಮಾತ್ರ ಇಂಚಿಗೆ 166ರಷ್ಟಾಗುತ್ತದೆ, ಅಲ್ಲಿ ಫೋಕಸ್ ತಪ್ಪು ಎದ್ದು ಕಾಣುತ್ತದೆ. ಹಾಗಾಗಿ ಮೊದಲ ಸುತ್ತನ್ನು ಸಣ್ಣ ಥಂಬ್‌ನೇಲ್‌ಗಳಲ್ಲೇ ಮುಗಿಸುವುದು ಒಳ್ಳೆಯದು. ಬೆರಳುಗುರಿನಷ್ಟು ಗಾತ್ರದಲ್ಲೂ ಕಣ್ಣು ಹಿಡಿಯುವ ಫ್ರೇಮಿನಲ್ಲಿ ಬೆಳಕು, ಜಾಗ, ಘಳಿಗೆ ಮೂರೂ ಕೂಡಿರುತ್ತವೆ. ಹಿಗ್ಗಿಸಿ ನೋಡುವುದು ಎರಡನೇ ಸುತ್ತಿಗೆ, ಅದೂ ದೊಡ್ಡ ಪುಟಕ್ಕೆ ಹೋಗಬಹುದಾದ ಚಿತ್ರಗಳಿಗೆ ಮಾತ್ರ.

ಹಿಗ್ಗಿಸಿದಾಗ ಮಸುಕು ಕಂಡರೆ ‘ಶಾರ್ಪ್ ಇಲ್ಲ’ ಎಂದು ತಳ್ಳಿಬಿಡಬೇಡಿ, ಅದು ಯಾವ ಮಸುಕು ಎಂದು ನೋಡಿ. ಫ್ರೇಮಿನಲ್ಲಿರುವುದೆಲ್ಲ ಒಂದೇ ದಿಕ್ಕಿಗೆ ಎಳೆದ ಹಾಗಿದ್ದು, ಸೀರಿಯಲ್ ಸೆಟ್ಟಿನ ಚುಕ್ಕಿಗಳು ಸಣ್ಣ ಗೆರೆಗಳಾಗಿದ್ದರೆ ನಮ್ಮ ಕೈ ಅಲುಗಿದೆ. ಮಂಟಪದ ಕಂಬ ಗಟ್ಟಿಯಾಗಿದ್ದು ವರನ ಕೈ ಮಾತ್ರ ಕರಗಿದ್ದರೆ ಶಟರ್ ಸಾಲಲಿಲ್ಲ. ಮುಖ ಮಸುಕಾಗಿ, ಅದರ ಮುಂದಿನ ಹಾರವೋ ಹಿಂದಿನವರ ಸೀರೆಯ ಜರಿಯೋ ಸ್ಪಷ್ಟವಾಗಿದ್ದರೆ ಫೋಕಸ್ ಬೇರೆ ಕಡೆ ಬಿದ್ದಿದೆ. ಇಡೀ ಚಿತ್ರವೇ ಪೇಲವವಾಗಿ, ಕಪ್ಪು ಭಾಗಗಳೂ ಬೂದು ಬಣ್ಣಕ್ಕೆ ತಿರುಗಿದ್ದರೆ ಹೋಮದ ಹೊಗೆ ಇರಬಹುದು, ಲೆನ್ಸಿಗೆ ಬೆರಳು ತಾಗಿರಬಹುದು. ಮಂಗಳೂರು-ಉಡುಪಿ ಕಡೆಯಾದರೆ ಎಸಿ ರೂಮಿನಿಂದ ನೇರವಾಗಿ ಹೊರಗೆ ತಂದ ಲೆನ್ಸಿನ ಮೇಲೆ ಕೂತ ಇಬ್ಬನಿಯೂ ಆಗಿರಬಹುದು. ಬ್ಯಾಗಿನ ಜಿಪ್ ತೆಗೆಯದೆ ಅರ್ಧ ಗಂಟೆ ಹೊರಗಿಟ್ಟರೆ ಆ ತೊಂದರೆ ಬರುವುದಿಲ್ಲ. ಪ್ರತಿಯೊಂದಕ್ಕೂ ಮದ್ದು ಬೇರೆ. ಕೈ ಅಲುಗಿದ್ದಕ್ಕೆ ಹೊಸ ಲೆನ್ಸ್ ಕೊಂಡರೆ ದುಡ್ಡು ಹೋಯಿತಷ್ಟೆ.

ಲೈಟ್‌ರೂಮ್ ಎಂಬ ಫೋಟೊ ಸಾಫ್ಟ್‌ವೇರ್ ಬಳಸುವವರು ಕಲರ್ ಲೇಬಲ್‌ಗಳನ್ನು ಈ ಕೆಲಸಕ್ಕೆ ಹಚ್ಚಬಹುದು. ತಳ್ಳಿಹಾಕಿದ ಫ್ರೇಮುಗಳಿಗೇ ಬಣ್ಣ ಕೊಡಿ: 6 ಒತ್ತಿದರೆ ಕೆಂಪು, ಫೋಕಸ್ ಮತ್ತು ಶೇಕ್‌ಗೆ. 7 ಹಳದಿ, ಬೆಳಕು ಮತ್ತು ಬಣ್ಣ ಕೆಟ್ಟದ್ದಕ್ಕೆ. 8 ಹಸಿರು, ನಿಂತ ಜಾಗ ಮತ್ತು ಫ್ರೇಮಿಂಗ್ ತಪ್ಪಿದ್ದಕ್ಕೆ. 9 ನೀಲಿ, ಘಳಿಗೆ ತಪ್ಪಿದ್ದಕ್ಕೆ. ಎಲ್ಲ ಫೋಟೊಗಳಿಗೂ ಮಾಡಬೇಕಿಲ್ಲ. ಚೆನ್ನಾಗಿ ಬರಬೇಕಿತ್ತು, ಆದರೆ ಬರಲಿಲ್ಲ ಎನ್ನಿಸುವ ಫ್ರೇಮುಗಳಿಗೆ ಸಾಕು. ಆಮೇಲೆ ಲೈಬ್ರರಿ ಫಿಲ್ಟರಿನಲ್ಲಿ ಮೆಟಾಡೇಟಾ (ಫೋಟೊ ಜೊತೆ ದಾಖಲಾದ ಕ್ಯಾಮೆರಾ ವಿವರ) ತೆರೆದು ಲೆನ್ಸ್, ಶಟರ್, ಅಪರ್ಚರ್, ಐಎಸ್ಒ ಪ್ರಕಾರ ಸೋಸಿ. ‘ನನಗೆ ಫೋಟೊಗ್ರಫಿಯೇ ಬರುವುದಿಲ್ಲ’ ಎಂಬ ಭಾರ ಅಲ್ಲಿ ಒಂದೆರಡು ಅಂಕಿಗಳಿಗೆ ಇಳಿದುಬಿಡುತ್ತದೆ. ಕೆಂಪು ಫ್ರೇಮುಗಳಲ್ಲಿ ಬಹುಪಾಲು 85 ಎಂಎಂ ಲೆನ್ಸಿನವು, ಅದೂ ಎಫ್ 1.4ರಲ್ಲಿ (ಅಪರ್ಚರ್, ಅಂದರೆ ಲೆನ್ಸಿನ ಬಾಯಿ, ಅಗಲವಾಗಿ ತೆರೆದು; ಅಂಕಿ ಹೆಚ್ಚಿದಷ್ಟೂ ಬಾಯಿ ಚಿಕ್ಕದು) ತೆಗೆದವು ಎಂದು ಗೊತ್ತಾದರೆ ಕಾರಣ ಕೈಯಲ್ಲೇ ಇದೆ. ಫುಲ್ ಫ್ರೇಮ್ (35 ಎಂಎಂ ಫಿಲ್ಮಿನಷ್ಟು ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ ಎರಡು ಮೀಟರ್ ದೂರಕ್ಕೆ ಆ ಲೆನ್ಸಿನ ಸ್ಪಷ್ಟ ವಲಯ ಹೆಚ್ಚುಕಮ್ಮಿ ನಾಲ್ಕೂವರೆ ಸೆಂಟಿಮೀಟರ್. ಜೋಡಿಯಲ್ಲಿ ಒಬ್ಬರು ಅರ್ಧ ಗೇಣು ಹಿಂದೆ ವಾಲಿದರೂ ಒಂದು ಮುಖ ಹೋದಂತೆಯೇ. ಎಫ್ 2.8ಕ್ಕೆ ಅದು ಒಂಬತ್ತು ಸೆಂಟಿಮೀಟರ್ ಆಗುತ್ತದೆ, ಎಫ್ 4ಕ್ಕೆ ಹದಿಮೂರರ ಹತ್ತಿರ. ಮೂರು ಸಾಲಿನ ಗ್ರೂಪ್ ಫೋಟೊಗೆ ಎಫ್ 5.6ರಿಂದ 8 ಬೇಕೇ ಬೇಕು, ಕಣ್ಣು ಮುಚ್ಚಿದವರಿಗಾಗಿ ನಾಲ್ಕೈದು ಕ್ಲಿಕ್ ಕೂಡ.

ಮುಹೂರ್ತದ ಫ್ರೇಮುಗಳನ್ನು ಪ್ರತ್ಯೇಕವಾಗಿ ಕೂತು ನೋಡಬೇಕು, ಏಕೆಂದರೆ ಅಲ್ಲಿ ಎರಡನೇ ಅವಕಾಶ ಇಲ್ಲ. ಗಟ್ಟಿಮೇಳ ಶುರುವಾದದ್ದೇ ತಡ, ಎಲ್ಲರೂ ಎದ್ದು ನಿಲ್ಲುತ್ತಾರೆ, ಮೊಬೈಲುಗಳು ಮೇಲೇಳುತ್ತವೆ, ಅಕ್ಷತೆ ಸುರಿಯುತ್ತದೆ. ಕ್ಯಾಮೆರಾದ ಫೋಕಸ್ ವಧುವಿನ ಮುಖ ಬಿಟ್ಟು ಹಾರುವ ಅಕ್ಕಿ ಕಾಳಿಗೋ ಅಡ್ಡ ಬಂದ ಕೈಗೋ ಜಿಗಿಯುತ್ತದೆ. ವಧು ತಲೆ ತಗ್ಗಿಸಿ ಕಣ್ಣು ಕೆಳಗಿಟ್ಟಿರುತ್ತಾಳೆ, ಹಣೆಗೆ ಬಾಸಿಂಗ ಬೇರೆ. ಕಣ್ಣು ಗುರುತಿಸುವ ಫೋಕಸ್ ಅಲ್ಲಿ ಆಗಾಗ ಸೋಲುತ್ತದೆ. ಸಣ್ಣ ಫೋಕಸ್ ವಲಯ ಇಟ್ಟು, ಹಿಂಬದಿ ಬಟನ್ನಿನಿಂದ ಫೋಕಸ್ ಹಿಡಿದು ಬಿಟ್ಟುಬಿಡುವುದು ಅಥವಾ ಅಡ್ಡ ಬಂದದ್ದರ ಕಡೆಗೆ ಬೇಗ ಜಿಗಿಯದಂತೆ ಟ್ರ್ಯಾಕಿಂಗ್ ಸೆಟ್ಟಿಂಗ್ ಬದಲಿಸುವುದು ಹೆಚ್ಚು ನಂಬಿಕೆಗೆ ಅರ್ಹ.

ಅದೇ ಫ್ರೇಮುಗಳಲ್ಲಿ ಅಡ್ಡಡ್ಡ ಪಟ್ಟೆ ಕಂಡರೆ ಅದು ಎಲ್‌ಇಡಿ ದೀಪಗಳದ್ದು. ನಮ್ಮ ಕರೆಂಟು 50 ಹರ್ಟ್ಸ್; ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿಣುಕುತ್ತದೆ. 1/50 ಅಥವಾ 1/100 ಶಟರಿಗೆ ಪೂರ್ತಿ ಮಿಣುಕು ಸಿಕ್ಕಿಬಿಡುತ್ತದೆ, 1/320ಕ್ಕೆ ಅದರ ತುಂಡು ಮಾತ್ರ ಸಿಗುತ್ತದೆ, ಪಟ್ಟೆ ಬೀಳುತ್ತದೆ. ಮಂತ್ರಕ್ಕೆ ತೊಂದರೆಯಾಗದಿರಲಿ ಎಂದು ಸೈಲೆಂಟ್ ಶಟರ್ ಹಾಕಿದ್ದರೆ ಪಟ್ಟೆ ಇನ್ನೂ ಢಾಳು. ಇನ್ನೊಂದೆಡೆ ಅಕ್ಷತೆ ಗಾಳಿಯಲ್ಲಿ ನಿಂತಂತೆ ಕಾಣಲು 1/500 ಬೇಕು. ಈ ಎರಡರ ಜಗಳ ಬಿಡಿಸುವುದು ಫ್ಲಾಶ್. ಶಟರ್ 1/200ರ ಒಳಗಿಟ್ಟು, ಹಾಲ್ ಬೆಳಕನ್ನು ಒಂದೆರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ) ತಗ್ಗಿಸಿ, ಸ್ಪೀಡ್‌ಲೈಟನ್ನು (ಕ್ಯಾಮೆರಾ ಮೇಲೆ ಕೂರುವ ಫ್ಲಾಶ್) ಕಾಲು ಪವರಿನಲ್ಲಿ ಬಿಳಿ ಚಾವಣಿಗೆ ಬೌನ್ಸ್ ಮಾಡಿದರೆ, ಸೆಕೆಂಡಿನ ಸಾವಿರದ ಒಂದು ಪಾಲಿಗೂ ಕಮ್ಮಿ ಹೊತ್ತು ಬರುವ ಆ ಬೆಳಕೇ ಕಾಳುಗಳನ್ನು ಹಿಡಿದು ನಿಲ್ಲಿಸುತ್ತದೆ. ಮಿಣುಕಿನ ಪಾಲು ಕಡಿಮೆಯಾದ್ದರಿಂದ ಪಟ್ಟೆಯೂ ತಗ್ಗುತ್ತದೆ. ಚಾವಣಿಗೆ ಹಸಿರೋ ಗುಲಾಬಿಯೋ ಬಣ್ಣ ಬಳಿದಿದ್ದರೆ ಬೌನ್ಸ್ ಬೇಡ, ಮುಖಕ್ಕೆಲ್ಲ ಅದೇ ಬಣ್ಣ ಇಳಿಯುತ್ತದೆ. ಕೆಂಪು ಧಾರೆ ಸೀರೆಯ ಮಡಿಕೆಗಳು ಕಲಸಿಹೋಗಿ ಒಂದೇ ಬಣ್ಣದ ಹಾಳೆಯಂತಾಗಿದ್ದರೆ ಕೆಂಪು ಚಾನೆಲ್ ತುಂಬಿಹೋಗಿದೆ ಎಂದರ್ಥ. ಚಿತ್ರದ ಬೆಳಕನ್ನು ಗ್ರಾಫಿನಲ್ಲಿ ತೋರಿಸುವ ಬಿಳಿ ಹಿಸ್ಟೊಗ್ರಾಮಿನಲ್ಲಿ ಅದು ಕಾಣಿಸದಿರಬಹುದು, ಕೆಂಪು-ಹಸಿರು-ನೀಲಿ ಬೇರೆಬೇರೆಯಾಗಿ ತೋರಿಸುವ ಆರ್‌ಜಿಬಿ ಹಿಸ್ಟೊಗ್ರಾಮ್ ತೆರೆದೇ ನೋಡಬೇಕು.

ಹಸಿರು ಲೇಬಲ್ ಬಿದ್ದ ಮುಹೂರ್ತದ ಫ್ರೇಮುಗಳಲ್ಲಿ ಪದೇ ಪದೇ ಕಾಣುವ ದೋಷ ಒಂದೇ: ತಾಳಿ ಕಟ್ಟುವ ವರನ ಮೊಣಕೈ ವಧುವಿನ ಮುಖಕ್ಕೆ ಅಡ್ಡ. ಇದಕ್ಕೆ ಯಾವ ಸೆಟ್ಟಿಂಗೂ ಇಲ್ಲ. ಒಂದು ಗಂಟೆ ಮುಂಚೆ ‘ಭಟ್ರೇ, ಮಾಂಗಲ್ಯ ಕಟ್ಟೋವಾಗ ಇಬ್ಬರೂ ಯಾವ ಕಡೆ ಮುಖ ಮಾಡ್ತಾರೆ? ವರ ನಿಂತು ಕಟ್ತಾರಾ, ಕೂತಾ?’ ಎಂದು ಕೇಳಿಕೊಂಡರೆ ನಿಲ್ಲುವ ಜಾಗ ಗೊತ್ತಾಗುತ್ತದೆ. ಇಬ್ಬರಿದ್ದರೆ ಒಬ್ಬರು ಮುಖಕ್ಕೆ, ಒಬ್ಬರು ಗಂಟಿಗೆ.

ಇನ್ನು ತೃಪ್ತಿಯ ಮಾತು. ತಪ್ಪು ಬರೆದಿಟ್ಟುಕೊಳ್ಳುವವರು ಕೆಲವರಾದರೂ ಇದ್ದಾರೆ, ಚೆನ್ನಾಗಿ ಬಂದದ್ದಕ್ಕೆ ಕಾರಣ ಬರೆಯುವವರು ತೀರ ಕಡಿಮೆ. ಇದು ದೊಡ್ಡ ನಷ್ಟ ಎಂದೇ ಹೇಳಬೇಕು. ಪ್ರತಿ ಮದುವೆಯಿಂದ ಹತ್ತು ಚಿತ್ರ ಆರಿಸಿ, ಪ್ರತಿಯೊಂದರ ಕೆಳಗೆ ಒಂದು ಸಾಲು ಬರೆಯಿರಿ. ‘ಕಿಟಕಿಗೆ ಓರೆಯಾಗಿ ಕೂರಿಸಿದ್ದಕ್ಕೆ ಅರಿಸಿನ ಹಚ್ಚಿದ ಮುಖದ ಉಬ್ಬುತಗ್ಗು ಉಳಿಯಿತು.’ ‘ಅಂತರಪಟ ಸರಿಯುವ ಮೊದಲೇ ವಧುವಿನ ಮೇಲೆ ಫೋಕಸ್ ಇಟ್ಟಿದ್ದಕ್ಕೆ ಮೊದಲ ನೋಟ ಸಿಕ್ಕಿತು.’ ಕಾರಣ ಬರೆಯಲು ಬಂದರೆ ಅದನ್ನು ಇನ್ನೊಂದು ಛತ್ರದಲ್ಲಿ ಮತ್ತೆ ಮಾಡಬಹುದು. ಕಾರಣ ತೋಚದಿದ್ದರೆ ಅದೃಷ್ಟದಿಂದ ಸಿಕ್ಕಿದ್ದು; ಖುಷಿಪಡಿ, ಆದರೆ ಅದನ್ನು ನಂಬಿ ಮುಂದಿನ ಮದುವೆಗೆ ಹೋಗಬೇಡಿ.

ತಾಂತ್ರಿಕವಾಗಿ ಸೋತ ಚಿತ್ರವನ್ನು ಉಳಿಸಿಕೊಳ್ಳುವ ಧೈರ್ಯವೂ ಬೇಕು. ಹೆಣ್ಣು ಒಪ್ಪಿಸಿಕೊಡುವ ಶಾಸ್ತ್ರದಲ್ಲಿ ಅಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ ಫ್ರೇಮ್ ಸ್ವಲ್ಪ ಅಲುಗಿರಬಹುದು. ಅದಕ್ಕೆ ಕೆಂಪು ಲೇಬಲ್ ಕೊಡಿ, ಜೊತೆಗೆ ಐದು ಸ್ಟಾರೂ ಕೊಡಿ. ಆಲ್ಬಮ್ಮಿನಲ್ಲಿ ಕಾಲು ಪುಟದ ಗಾತ್ರದಲ್ಲಿ ಹಾಕಿದರೆ ಅಲುಗಿದ್ದು ಕಾಣುವುದಿಲ್ಲ, ಅಪ್ಪ ಕಾಣುತ್ತಾರೆ. ಸ್ಪರ್ಧೆಗಳ ಅಳತೆಗೋಲು ಬೇರೆ. ಬೆಂಗಳೂರಿನಲ್ಲಿ 1971ರಿಂದ ಇರುವ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ ಸಂಘಗಳು ನಡೆಸುವ ಫೋಟೊ ಸ್ಪರ್ಧೆ-ಪ್ರದರ್ಶನಗಳಾದ ಸಲೂನ್‌ಗಳಲ್ಲಿ ಚಿತ್ರ ಒಂಟಿಯಾಗಿ ನಿಂತು ಗೆಲ್ಲಬೇಕು, ತೀರ್ಪುಗಾರರಿಗೆ ಆ ಅಪ್ಪ ಯಾರೆಂದು ಗೊತ್ತಿರುವುದಿಲ್ಲ. ಅಲ್ಲಿ ಕಲಿಯುವುದು ಬಹಳ ಇದೆ, ಆದರೆ ಅಲ್ಲಿ ಆಯ್ಕೆಯಾಗದ ಚಿತ್ರ ಮದುವೆ ಮನೆಗೆ ಬೇಡದ್ದೇನೂ ಆಗುವುದಿಲ್ಲ. ಹಾಗೆಯೇ ಇನ್‌ಸ್ಟಾಗ್ರಾಮಿನ ಪ್ರೀ-ವೆಡ್ಡಿಂಗ್ ಚಿತ್ರಗಳ ಪಕ್ಕ ನಿಮ್ಮ ಮುಹೂರ್ತದ ಚಿತ್ರ ಇಟ್ಟು ಕೊರಗಬೇಡಿ. ಅಲ್ಲಿ ಸಂಜೆಯ ಬೆಳಕಿಗೆ ಕಾದು, ಒಂದೇ ಭಂಗಿಯನ್ನು ಇಪ್ಪತ್ತು ಸಲ ಮಾಡಿಸಿರುತ್ತಾರೆ.

ಕೊನೆಯ ಪರೀಕ್ಷೆಯನ್ನು ಕಾಗದದ ಮೇಲೆ ಮಾಡಿ. ಲ್ಯಾಪ್‌ಟಾಪಿನ ಬ್ರೈಟ್‌ನೆಸ್ ಪೂರ್ತಿ ಏರಿಸಿಕೊಂಡು ಎಡಿಟ್ ಮಾಡಿದರೆ ಪ್ರಿಂಟ್ ಕಪ್ಪಾಗಿ ಬರುತ್ತದೆ, ತಪ್ಪು ಲ್ಯಾಬಿನವರ ತಲೆಗೆ ಹೋಗುತ್ತದೆ. ಮಾನಿಟರನ್ನು ಕ್ಯಾಲಿಬ್ರೇಟ್ ಮಾಡಿ (ಬಣ್ಣ-ಬೆಳಕನ್ನು ಅಳತೆಗೆ ಸರಿಹೊಂದಿಸಿ), ಚದರ ಮೀಟರಿಗೆ 100ರಿಂದ 120 ಕ್ಯಾಂಡೆಲಾ ಬೆಳಕಿಗೆ ಇಳಿಸಿಕೊಳ್ಳಿ. ಆ ಹತ್ತು ಚಿತ್ರಗಳನ್ನು 4×6ರಲ್ಲಿ ಹಾಕಿಸಿ ಸ್ಟುಡಿಯೋ ಗೋಡೆಗೆ ಅಂಟಿಸಿ. ಮೂರು ವಾರದಲ್ಲಿ ಕೆಲವು ಸಪ್ಪೆಯಾಗುತ್ತವೆ, ಅವನ್ನು ಕಿತ್ತು ಡಬ್ಬಿಗೆ ಹಾಕಿ. ಉಳಿದದ್ದನ್ನು ಜೊತೆ ಕೆಲಸ ಮಾಡುವವರಿಗೆ ತೋರಿಸುವಾಗ ‘ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ ಅಣ್ಣ’ ಎಂಬ ಉತ್ತರವೇ ಬರುತ್ತದೆ. ‘ಇದರಲ್ಲಿ ಮೊದಲು ಎಲ್ಲಿಗೆ ಕಣ್ಣು ಹೋಯ್ತು?’ ಎಂದು ಕೇಳಿ. ವಧುವಿನ ಮುಖದ ಬದಲು ಹಿಂದಿನ ಪ್ಲಾಸ್ಟಿಕ್ ಕುರ್ಚಿಗೆ ಹೋಯಿತು ಅಂದರೆ, ಮುಂದಿನ ಮುಹೂರ್ತಕ್ಕೆ ಮುಂಚೆ ಕುರ್ಚಿ ಸರಿಸಲು ಒಬ್ಬರಿಗೆ ಹೇಳಿಡಿ.