ಶೆಲ್ ಸ್ಕ್ರಿಪ್ಟಿನಲ್ಲಿ ಬರೀ ವೇಯ್ಟ್ ಹಾಕಿ ಮಲಗಬೇಡಿ

ಚಿಕ್ಕಮಗಳೂರಿನ ನಮ್ಮ ಆಫೀಸು ಸಣ್ಣದು. ಮೂಡಿಗೆರೆ, ಕಳಸ, ಕೊಪ್ಪ ಕಡೆಯ ಕಾಫಿ ತೋಟಗಳ ಮಳೆ ಲೆಕ್ಕ, ಆಳಿನ ಲೆಕ್ಕ, ಕುಯ್ಲಿನ ತೂಕ ಎಲ್ಲ ರಾತ್ರಿ ನಮ್ಮ ಸರ್ವರ್‌ಗೆ ಬರಬೇಕು. ತೋಟದ ಕಂಪ್ಯೂಟರ್‌ಗಳಿಂದ ಫೈಲ್ ಎಳೆದು ತರೋದು ಒಂದು ಹಳೇ ಬ್ಯಾಶ್ ಸ್ಕ್ರಿಪ್ಟ್, ಅಂದರೆ ಬ್ಯಾಶ್ ಅನ್ನೋ ಶೆಲ್ ಸಾಲುಸಾಲಾಗಿ ಓಡಿಸುವ ಕಮಾಂಡ್‌ಗಳ ಫೈಲ್. ಒಂದಾದ ಮೇಲೊಂದು ತರುತ್ತಾ ಕೂತರೆ ಬೆಳಗಾಗುತ್ತದೆ, ಹಾಗಾಗಿ ಪ್ರತಿ ಆರ್‌ಸಿಂಕ್ (ಫೈಲ್ ನಕಲು ಮಾಡಿ ತರುವ ಕಮಾಂಡ್) ಸಾಲಿನ ಕೊನೆಗೆ & ಹಾಕಿ ಬ್ಯಾಕ್‌ಗ್ರೌಂಡಿಗೆ ತಳ್ಳಿದ್ದರು, ಅಂದರೆ ಅದು ಮುಗಿಯಲು ಕಾಯದೆ ಸ್ಕ್ರಿಪ್ಟ್ ಮುಂದಿನ ಸಾಲಿಗೆ ಹೋಗುತ್ತದೆ. ಕೊನೆಯಲ್ಲಿ ಒಂದು ವೇಯ್ಟ್ (ಬ್ಯಾಕ್‌ಗ್ರೌಂಡಿನ ಕೆಲಸ ಮುಗಿಯೋ ತನಕ ಕಾಯುವ ಕಮಾಂಡ್), ಅದರ ಕೆಳಗೆ ಲಾಗ್‌ಗೆ "ಎಲ್ಲಾ ಮುಗಿಯಿತು" ಅಂತ ಒಂದು ಸಾಲು.

ಮಳೆಗಾಲ ಜೋರಾದಾಗ ತಕರಾರು ಶುರು. ಲಾಗ್ ನೋಡಿದರೆ "ಎಲ್ಲಾ ಮುಗಿಯಿತು". ಕಳಸದ ತೋಟದ ರೈಟರ್ ಫೋನ್ ಮಾಡಿ "ಸಾರ್, ನಿನ್ನೆ ಮಳೆ ಲೆಕ್ಕವೇ ಕಾಣ್ತಿಲ್ಲವಲ್ಲ" ಅಂತಾರೆ. ಅಲ್ಲಿ ಕರೆಂಟೂ ಇಲ್ಲ, ನೆಟ್ಟೂ ಇಲ್ಲ, ಫೈಲ್ ಬರದಿದ್ದರೆ ಆಶ್ಚರ್ಯವೇನಿಲ್ಲ. ಬಂದಿಲ್ಲ ಅಂತ ಸ್ಕ್ರಿಪ್ಟ್ ಬಾಯಿ ಬಿಡಲಿಲ್ಲ, ಅದೇ ತಲೆನೋವು.

ಕಾರಣ ಇಷ್ಟೇ. ವೇಯ್ಟ್‌ಗೆ ಯಾವ ಪ್ರೊಸೆಸ್ (ಓಡುತ್ತಿರುವ ಕೆಲಸ) ಅಂತ ಹೇಳದಿದ್ದರೆ ಅದು ಎಲ್ಲರಿಗೂ ಕಾಯುತ್ತದೆ, ಆಮೇಲೆ 0 ಕೊಡುತ್ತದೆ, ಅಂದರೆ ಎಲ್ಲ ಸರಿಯಾಗಿದೆ ಅನ್ನುವ ಕೋಡ್. ಒಳಗೆ ಯಾರು ಗೆದ್ದರು, ಯಾರು ಸೋತರು ಅಂತ ಅದಕ್ಕೆ ಬೇಕಿಲ್ಲ. ಸ್ಕ್ರಿಪ್ಟಿನ ಮೇಲೆ ಸೆಟ್ -ಇ (ಕಮಾಂಡ್ ಸೋತರೆ ಸ್ಕ್ರಿಪ್ಟನ್ನೇ ನಿಲ್ಲಿಸುವ ಸೆಟ್ಟಿಂಗ್) ಇದೆಯಲ್ಲ ಅಂತೀರಾ? ಬ್ಯಾಕ್‌ಗ್ರೌಂಡಿನಲ್ಲಿ ಸತ್ತ ಕೆಲಸ ಅದರ ಕಣ್ಣಿಗೆ ಬೀಳೋದೇ ಇಲ್ಲ.

ಹಾಗಾಗಿ & ಆದ ತಕ್ಷಣ $! ಅನ್ನು (ಈಗಷ್ಟೇ ಹೊರಟ ಕೆಲಸದ ಪಿಐಡಿ, ಅಂದರೆ ಪ್ರೊಸೆಸ್ ನಂಬರ್) ತೋಟದ ಹೆಸರಿನ ಜೊತೆ ಒಂದು ಅರೇಯಲ್ಲಿ, ಅಂದರೆ ಪಟ್ಟಿಯಲ್ಲಿ, ಇಟ್ಟುಕೊಳ್ಳಿ. ಆಮೇಲೆ ಒಬ್ಬೊಬ್ಬರ ಪಿಐಡಿಗೂ ಬೇರೆಬೇರೆ ವೇಯ್ಟ್ ಮಾಡಿ, ಅದು ಕೊಟ್ಟ ಕೋಡನ್ನು ಬರೆದುಕೊಳ್ಳಿ. ಕೆಲಸ ಮೊದಲೇ ಮುಗಿದುಹೋಗಿದ್ದರೂ ಪರವಾಗಿಲ್ಲ, ಬ್ಯಾಶ್ ಕೋಡ್ ನೆನಪಿಟ್ಟುಕೊಂಡಿರುತ್ತದೆ. ಒಂದೇ ಎಚ್ಚರ, ಸೆಟ್ -ಇ ಇದ್ದರೆ ವೇಯ್ಟನ್ನು ಇಫ್ ಒಳಗೆ ಇಡಿ, ಇಲ್ಲದಿದ್ದರೆ ಮೊದಲನೇ ಸೋಲಿಗೇ ಸ್ಕ್ರಿಪ್ಟ್ ಗಂಟು ಮೂಟೆ ಕಟ್ಟುತ್ತದೆ. ಆ ಕೋಡ್‌ಗಳೇ ಅರ್ಧ ಕಥೆ ಹೇಳುತ್ತವೆ: 255 ಬಂದರೆ ಎಸ್‌ಎಸ್‌ಎಚ್ (ದೂರದ ಮೆಷಿನ್ನಿಗೆ ಲಾಗಿನ್ ಆಗುವ ದಾರಿ) ಸಂಪರ್ಕವೇ ಆಗಿಲ್ಲ, 30 ಅಂದರೆ ಆರ್‌ಸಿಂಕ್ ಟೈಮ್‌ಔಟ್, 127 ಅಂದರೆ ಕಮಾಂಡೇ ಸಿಕ್ಕಿಲ್ಲ (ಹೊತ್ತಿಗೆ ಸರಿಯಾಗಿ ಸ್ಕ್ರಿಪ್ಟ್ ಓಡಿಸುವ ಕ್ರಾನ್‌ನಲ್ಲಿ ಪಾತ್, ಅಂದರೆ ಕಮಾಂಡ್ ಹುಡುಕುವ ಜಾಗಗಳ ಪಟ್ಟಿ, ತೀರಾ ಚಿಕ್ಕದು, ಇದು ಮಾಮೂಲಿ), 137 ಅಂದರೆ ಯಾರೋ ಸಿಗ್ನಲ್ 9 ಕೊಟ್ಟು ಕೊಂದಿದ್ದಾರೆ, ಎಷ್ಟೋ ಸಲ ಮೆಮೊರಿ ಸಾಲದೆ ಆಪರೇಟಿಂಗ್ ಸಿಸ್ಟಮ್ಮಿನ ಕರ್ನಲ್ಲೇ. ಅಂದ ಹಾಗೆ ಟೈಮ್‌ಔಟ್ ನೀವೇ ಹಾಕಬೇಕು. ಆರ್‌ಸಿಂಕ್‌ಗೆ ತಾನಾಗಿ ಅದು ಇಲ್ಲ, ಲೈನ್ ಸತ್ತರೂ ಸುಮ್ನೆ ಕೂತಿರಬಹುದು.

ಇಷ್ಟು ಮಾಡಿದ ಮೇಲೂ ಅರೇ ಖಾಲಿ! ತೋಟಗಳ ಪಟ್ಟಿಯ ಫೈಲನ್ನು ಕ್ಯಾಟ್ ಕಮಾಂಡಿನಿಂದ ಪೈಪ್ ಮಾಡಿ ವೈಲ್ ರೀಡ್‌ಗೆ (ಒಂದೊಂದೇ ಸಾಲು ಓದುವ ಲೂಪ್) ಕೊಟ್ಟಿದ್ದರು. ಪೈಪಿನ ಬಲಗಡೆಯ ಲೂಪ್ ಸಬ್‌ಶೆಲ್‌ನಲ್ಲಿ, ಅಂದರೆ ಬೇರೊಂದು ಮರಿ ಶೆಲ್‌ನಲ್ಲಿ, ಓಡುತ್ತದೆ, ಅಲ್ಲಿ ತುಂಬಿದ ಅರೇ ಅಲ್ಲೇ ಸಾಯುತ್ತದೆ, ಹೊರಗಿನ ವೇಯ್ಟ್‌ಗೆ ಕಾಯಲು ಮಕ್ಕಳೇ (ತನ್ನ ಶೆಲ್ ಹುಟ್ಟಿಸಿದ ಪ್ರೊಸೆಸ್‌ಗಳೇ) ಇರೋದಿಲ್ಲ. ಪೈಪ್ ತೆಗೆದು, ಲೂಪ್ ಮುಗಿಸುವ ಡನ್ ಪಕ್ಕದಲ್ಲಿ < ಹಾಕಿ ಫೈಲ್ ಕೊಟ್ಟರೆ ಸರಿಹೋಗುತ್ತದೆ.

ಆಗ ಇನ್ನೊಂದು ಕಾಟ. ಲೂಪ್ ಮೊದಲನೇ ತೋಟಕ್ಕೇ ನಿಂತುಬಿಡುತ್ತದೆ. ಮೆಷಿನ್ ಆನ್ ಇದೆಯಾ ನೋಡಲು ಅಂತ ಲೂಪಿನೊಳಗೆ & ಇಲ್ಲದ ಒಂದು ಎಸ್‌ಎಸ್‌ಎಚ್ ಇತ್ತು, ಅದು ಉಳಿದ ಪಟ್ಟಿಯನ್ನೆಲ್ಲ ತನ್ನ ಇನ್‌ಪುಟ್ ಅಂದುಕೊಂಡು ನುಂಗಿತ್ತು. ಆ ಎಸ್‌ಎಸ್‌ಎಚ್‌ಗೆ -ಎನ್ ಹಾಕಿದರೆ ಸಾಕು, ಇನ್‌ಪುಟ್ ಓದೋದಿಲ್ಲ.

ಲಾಗ್ ಮಾತ್ರ ತೋಟಕ್ಕೊಂದು ಇರಲಿ. ಎಲ್ಲರೂ ಒಂದೇ ಫೈಲಿಗೆ ಬರೆದರೆ ಕೊಪ್ಪದ ಎರರ್ ಮೂಡಿಗೆರೆಯ ಮಧ್ಯೆ ಬಂದು ಕೂರುತ್ತದೆ, ಓದುವವನ ಗತಿ ಅಷ್ಟೇ. ಎಲ್ಲವನ್ನೂ ಒಟ್ಟಿಗೆ ಬಿಡೋದೂ ನನಗೆ ಇಷ್ಟವಿಲ್ಲ, ನಮ್ಮ ಲೈನ್‌ಗೆ ಒಂದು ಸಲಕ್ಕೆ ನಾಲ್ಕಕ್ಕಿಂತ ಜಾಸ್ತಿ ಬೇಡ. ವೇಯ್ಟ್ -ಎನ್ ಯಾವುದಾದರೂ ಒಂದು ಮುಗಿದ ಕೂಡಲೇ ಬಿಡುತ್ತದೆ, ಆಗ ಮುಂದಿನದನ್ನು ಹಚ್ಚಬಹುದು. ಅದು 2014ರ ಬ್ಯಾಶ್ 4.3ರಿಂದ ಇದೆ. ಮ್ಯಾಕ್‌ನಲ್ಲಿ ಕೊಟ್ಟಿರೋದು ಇನ್ನೂ 3.2, ಅಲ್ಲಿ ಒಂದು ಸಲಕ್ಕೆ ನಾಲ್ಕೇ ಕೆಲಸ ಓಡಿಸುವ ಎಕ್ಸ್‌ಆರ್ಗ್ಸ್ -ಪಿ 4 ಕಮಾಂಡ್ ಸುಲಭ.