ಚಂದನದಲ್ಲಿ ಮೂಡಲಪಾಯ

ಕಳೆದ ವಾರ ಒಂದು ಸಂಜೆ ತುಮಕೂರಿನ ನಮ್ಮ ಮನೆಯಲ್ಲಿ ದೂರದರ್ಶನದ ಎರಡು ವಾಹಿನಿಗಳ ನಡುವೆ ಓಡಾಡುತ್ತ ಕುಳಿತಿದ್ದೆ. 2002ರ ಜನವರಿ 26ರಂದು ಕಲೆ ಮತ್ತು ಸಂಸ್ಕೃತಿಗೆಂದೇ ಆರಂಭವಾದ ಡಿಡಿ ಭಾರತಿಯಲ್ಲಿ ಹಿಂದೂಸ್ತಾನಿ ಗಾಯನವೊಂದರ ವಿಲಂಬಿತ, ಅಂದರೆ ನಿಧಾನ ಲಯದ, ಭಾಗ ಸಾಗಿತ್ತು. ಕ್ಯಾಮೆರಾ ಅವಸರಪಡದೆ ತಬಲಾ ವಾದಕರ ಬೆರಳುಗಳ ಮೇಲೆಯೇ ನಿಂತಿದ್ದುದು ನನಗೆ ಹಿಡಿಸಿತು. ಅಂತಹ ತಾಳ್ಮೆ ಖಾಸಗಿ ವಾಹಿನಿಗಳಲ್ಲಿ ಅಪರೂಪ.

ಆಮೇಲೆ ಚಂದನದಲ್ಲಿ ಮೂಡಲಪಾಯ ಯಕ್ಷಗಾನದ ತುಣುಕೊಂದು ಬಂದಿತು. ಕರಾವಳಿಯ ಯಕ್ಷಗಾನದಷ್ಟು ಹೆಸರು ಪಡೆಯದಿದ್ದರೂ, ತುಮಕೂರು ಸೀಮೆಯ ಹಳ್ಳಿಗಳಲ್ಲಿ ಇಡೀ ರಾತ್ರಿ ನಡೆಯುತ್ತ ಬಂದಿರುವ ಈ ಆಟದಲ್ಲಿ ಭಾಗವತರ ಹಾಡು, ಮದ್ದಳೆಯ ಪೆಟ್ಟು ಮತ್ತು ಮುಖವೀಣೆಯ ಚುರುಕಾದ ದನಿ ಒಂದನ್ನೊಂದು ಬಿಡದೆ ಹಿಡಿದುಕೊಂಡು ಸಾಗುತ್ತವೆ. ವೇಷ, ಕಿರೀಟ, ಭುಜಕೀರ್ತಿಗಳನ್ನು ಹತ್ತಿರದಿಂದ ನೋಡುವ ಅವಕಾಶವನ್ನು ಕ್ಯಾಮೆರಾ ಕೊಟ್ಟಿತಾದರೂ, ರಾತ್ರಿ ಏರಿದಂತೆ ಕಾವೇರುವ ಪ್ರಸಂಗವನ್ನು ಅರ್ಧ ಗಂಟೆಗೆ ಕತ್ತರಿಸಿದಾಗ ರಾಕ್ಷಸ ಪಾತ್ರದ ಪ್ರವೇಶಕ್ಕೆ ಬೇಕಾದ ಕಾಯುವಿಕೆಯೇ ಇಲ್ಲವಾಗುತ್ತದೆ. ಗುಬ್ಬಿ ವೀರಣ್ಣನವರ ಕಂಪನಿ ನಾಟಕಗಳನ್ನು ಕಂಡ ಜಿಲ್ಲೆಯ ಪ್ರೇಕ್ಷಕರಿಗೆ ಈ ಕೊರತೆ ಬೇಗ ತಿಳಿಯುತ್ತದೆ ಎಂಬುದು ನನ್ನ ಗುಮಾನಿ.

ಪೂರ್ಣ ಪ್ರಸಂಗವೊಂದನ್ನು ಶನಿವಾರ ರಾತ್ರಿ ಬೆಳಗಿನವರೆಗೆ ಪ್ರಸಾರ ಮಾಡುವುದಾದರೆ, ಮಾಸಿಕ ಶುಲ್ಕವಿಲ್ಲದ ಡಿಡಿ ಫ್ರೀ ಡಿಶ್ ಇರುವ ಹಳ್ಳಿಯ ಮನೆಗಳಲ್ಲಿ ಅದನ್ನು ನೋಡುವವರು ಖಂಡಿತ ಸಿಗುತ್ತಾರೆ.